ಮಾಲೀಕ ಇಲ್ಲದ ಹೊತ್ತಿನಲ್ಲೂ ನೆಟ್ಟಗೆ ನಡೆಯುವ ಅಂಗಡಿ: ಚಿಲ್ಲರೆ ವ್ಯಾಪಾರದಲ್ಲಿ ಮುಂದಾಳಾಗುವ ಬಗೆ

ಹುಬ್ಬಳ್ಳಿಯ ದುರ್ಗದಬೈಲಿನ ಆಸುಪಾಸಿನಲ್ಲಿ ಬೆಳಿಗ್ಗೆ ಅಂಗಡಿಗಳ ಷಟರ್ ಮೇಲೇಳುವ ಹೊತ್ತಿಗೆ ಒಂದರ್ಧ ಗಂಟೆ ನಿಂತು ನೋಡಿದರೆ, ಯಾವ ಅಂಗಡಿ ಹೇಗೆ ನಡೆಯುತ್ತಿದೆ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಒಂದು ಕಡೆ ಕೆಲಸದ ಹುಡುಗರು ಕಟ್ಟೆಯ ಮೇಲೆ ಮೊಬೈಲು ನೋಡುತ್ತ ಕುಳಿತಿರುತ್ತಾರೆ. ಸಾವಕಾರರು ಬಂದು ಬೀಗ ತೆಗೆದು, ದೇವರಿಗೆ ಊದಿನಕಡ್ಡಿ ಹಚ್ಚಿ, ಇಬ್ಬರನ್ನು ಗದರಿದ ಮೇಲೆಯೇ ಕಸಬರಿಗೆ ಕೈಗೆ ಬರುತ್ತದೆ. ಇನ್ನೊಂದು ಕಡೆ ಸಾವಕಾರರ ಸುಳಿವೇ ಇರುವುದಿಲ್ಲ. ಆದರೂ ಅಂಗಡಿಯ ಮುಂದೆ ನೀರು ಚಿಮುಕಿಸಿರುತ್ತಾರೆ, ತಕ್ಕಡಿ ಒರೆಸಿರುತ್ತಾರೆ, ನಿನ್ನೆ ತೀರಿದ ಸಾಮಾನುಗಳ ಯಾದಿ ಬರೆದಿಟ್ಟಿರುತ್ತಾರೆ, ಬೋಣಿಗೆಗೆ ಬಂದ ಮೊದಲ ಗಿರಾಕಿಯನ್ನು ಹೆಸರು ಹಿಡಿದು ಮಾತನಾಡಿಸುತ್ತಿರುತ್ತಾರೆ.

ಈ ಎರಡನೆಯ ಬಗೆಯ ಅಂಗಡಿಯನ್ನು ಕಟ್ಟುವುದು ಹೇಗೆ ಎಂಬುದು ಈ ಬರಹದ ವಿಷಯ. ತಂದೆಯವರಿಂದ ಬಂದ ಕಿರಾಣಿ ಅಂಗಡಿಯನ್ನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಡೆಸಿದ ಮೇಲೆ ನನ್ನಲ್ಲಿ ಗಟ್ಟಿಯಾಗಿ ಉಳಿದಿರುವ ನಂಬಿಕೆಯೆಂದರೆ, ಚಿಲ್ಲರೆ ವ್ಯಾಪಾರಿಯ ನಾಯಕತ್ವವನ್ನು ಅವನು ಮದುವೆಗೋ ಆಸ್ಪತ್ರೆಗೋ ಮಾಲು ತರಲಿಕ್ಕೋ ಹೋಗಿರುವ ದಿನ ಅಳೆಯಬೇಕು. ಸಾವಕಾರರು ಗಲ್ಲೆಯ ಮುಂದೆ ಕುಳಿತಿದ್ದಾಗ ಎಲ್ಲರೂ ಸರಿಯಾಗಿಯೇ ಇರುತ್ತಾರೆ. ದಿನಕ್ಕೆ ನೂರಾರು ಸಲ ಸಾಮಾನು ತೂಗುವ, ಬೆಲೆ ಹೇಳುವ, ಚಿಲ್ಲರೆ ಮರಳಿಸುವ ಅಂಗಡಿಯಲ್ಲಿ ಪ್ರತಿಯೊಂದರ ಮೇಲೂ ಒಬ್ಬನ ಕಣ್ಣು ಇರಲಾರದು. ಅಂಥ ಹೊತ್ತಿನಲ್ಲಿ ಕೆಲಸಗಾರನು ತಾನು ಮಾಲೀಕನಲ್ಲಿ ದಿನವೂ ಕಂಡದ್ದನ್ನೇ ಮಾಡುತ್ತಾನೆ, ಕೇಳಿದ ಬುದ್ಧಿಮಾತುಗಳು ಆಗ ನೆನಪಿಗೆ ಬರುವುದಿಲ್ಲ. ಆದುದರಿಂದ ಇಲ್ಲಿ ಹೇಳುವ ಕ್ರಮಗಳಲ್ಲಿ ಹೆಚ್ಚಿನವು ಮಾಲೀಕನು ಮೊದಲು ತನಗೆ ತಾನೇ ಹಾಕಿಕೊಳ್ಳಬೇಕಾದ ಕಟ್ಟುಗಳಾಗಿವೆ.

ಮೊದಲ ಕಟ್ಟು ಗಲ್ಲೆಗೆ

ನನ್ನ ಮೊದಲ ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಅಂಗಡಿಯ ಹೊಣೆ ನನ್ನ ಕೈಗೆ ಬಂದು ಎರಡನೆಯ ವರ್ಷ, ಒಂದು ತಿಂಗಳ ಲೆಕ್ಕದಲ್ಲಿ 1,800 ರೂಪಾಯಿ ಕಡಿಮೆ ಬಂದಿತು. ಗಲ್ಲೆಯ ಬಳಿ ನನ್ನನ್ನು ಬಿಟ್ಟರೆ ಒಬ್ಬ ಹುಡುಗ ಮಾತ್ರ ಕೂಡುತ್ತಿದ್ದ. ಅವನ ಪಗಾರದಲ್ಲಿ ಆ ಹಣವನ್ನು ಎರಡು ಕಂತಿನಲ್ಲಿ ಮುರಿದುಕೊಳ್ಳುವೆನೆಂದು ಹೇಳಿ, ಮೊದಲ ಕಂತನ್ನು ಮುರಿದುಕೊಂಡೂ ಬಿಟ್ಟೆ. ಮೂರು ವಾರಗಳ ಬಳಿಕ ನನ್ನ ಅಂಗಿಯ ಕಿಸೆಯಲ್ಲಿ ಗ್ಯಾಸ್ ಸಿಲಿಂಡರಿನ ಪಾವತಿ ಮತ್ತು ಮಗಳ ಶಾಲೆಯ ಫೀ ರಸೀದಿ ಸಿಕ್ಕವು. ಎರಡಕ್ಕೂ ಹಣವನ್ನು ನಾನೇ ಗಲ್ಲೆಯಿಂದ ಎತ್ತಿಕೊಂಡಿದ್ದೆ, ಬರೆದಿರಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡು ಹಣ ಮರಳಿಸಿದೆ. "ಇರ್ಲಿ ಬಿಡ್ರಿ ಅಣ್ಣಾರ" ಎಂದು ಆ ಹುಡುಗ ಹೇಳಿದನು. ಆದರೆ ದೀಪಾವಳಿ ಕಳೆದ ಮೇಲೆ ಅವನು ಕೆಲಸ ಬಿಟ್ಟು ಬೇರೆ ಅಂಗಡಿ ಸೇರಿದ. ನಾನು ಅವನಿಗೆ ಕಳ್ಳನೆಂಬ ಹೆಸರನ್ನು ಮೂರು ವಾರ ಹೊರಿಸಿದ್ದೆ, ಆ ಮೂರು ವಾರಗಳನ್ನು ಮರಳಿಸುವ ದಾರಿ ನನ್ನಲ್ಲಿರಲಿಲ್ಲ.

ಆ ದಿನದಿಂದ ನಾನು ಪಾಲಿಸುತ್ತಿರುವ ಕ್ರಮವನ್ನು ಯಾವ ಅಂಗಡಿಯವರು ಬೇಕಾದರೂ ನಾಳೆಯಿಂದಲೇ ಆರಂಭಿಸಬಹುದು. ಮಾಲೀಕನು ತನಗೆ ತಿಂಗಳಿಗೆ ಇಂತಿಷ್ಟು ಎಂದು ಪಗಾರ ಗೊತ್ತುಮಾಡಿಕೊಂಡು, ಅದನ್ನು ಬ್ಯಾಂಕಿನ ಖಾತೆಗೆ ಹಾಕಿಕೊಂಡು, ಮನೆಯ ಖರ್ಚನ್ನು ಅದರಲ್ಲಿಯೇ ತೂಗಿಸಬೇಕು. ತುರ್ತಿಗೆ ಗಲ್ಲೆಯಿಂದ ಹತ್ತು ರೂಪಾಯಿ ಎತ್ತಿದರೂ ಒಂದು ಚೀಟಿಯಲ್ಲಿ ದಿನಾಂಕ, ಮೊತ್ತ, ಕಾರಣ ಬರೆದು ಅದೇ ಗಲ್ಲೆಯಲ್ಲಿ ಹಾಕಬೇಕು. ಮನೆಯಿಂದ ಯಾರಾದರೂ ಬಂದು ಸಾಬೂನು, ಸಕ್ಕರೆ ಒಯ್ದರೂ ಅದಕ್ಕೆ ಬಿಲ್ಲು ಹರಿಯಬೇಕು. ರಾತ್ರಿ ಅಂಗಡಿ ಮುಚ್ಚುವ ಮುನ್ನ ಬೆಳಿಗ್ಗೆ ಇಟ್ಟ ಚಿಲ್ಲರೆಗೆ ದಿನದ ರೋಖ (ನಗದು) ಮಾರಾಟವನ್ನೂ ಉದ್ರಿ ವಸೂಲಿಯನ್ನೂ ಕೂಡಿಸಿ, ಅದರಲ್ಲಿ ಪಾವತಿಗಳನ್ನೂ ಚೀಟಿಗಳನ್ನೂ ಕಳೆದರೆ ಬರುವ ಮೊತ್ತವು ಎಣಿಸಿದ ನೋಟುಗಳಿಗೆ ತಾಳೆಯಾಗಬೇಕು. ಎಣಿಸುವಾಗ ಕೆಲಸಗಾರರಲ್ಲಿ ಒಬ್ಬರು ಪಕ್ಕದಲ್ಲಿರಬೇಕು ಮತ್ತು ದಿನದ ಲೆಕ್ಕದ ಪುಸ್ತಕವಾದ ಕೀರ್ದಿಯಲ್ಲಿ ಇಬ್ಬರ ಸಹಿಯೂ ಬೀಳಬೇಕು. ಇದರಿಂದ ಸಂಶಯವು ಒಂದು ರಾತ್ರಿಗಿಂತ ಹೆಚ್ಚು ಬದುಕುವುದಿಲ್ಲ, ಮತ್ತು ಮಾಲೀಕನೂ ಚೀಟಿ ಬರೆಯುತ್ತಾನೆಂಬುದನ್ನು ನೋಡಿದ ಹುಡುಗನು ತಾನು ಚೀಟಿ ಬರೆಯುವುದನ್ನು ಅವಮಾನವೆಂದು ತಿಳಿಯುವುದಿಲ್ಲ.

ಕ್ಯೂಆರ್ ಕೋಡಿನ ಮೂಲಕ ಬಂದ ಹಣಕ್ಕೆ ಬೇರೆ ಕಲಮು ಇರಲಿ, ಅಂಗಡಿಯ ಹಣವು ಮನೆಯವರ ವೈಯಕ್ತಿಕ ಖಾತೆಗೆ ಬೀಳದಿರಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳು ಬಂದಾಗ, ಹೆದರಿ ಕ್ಯೂಆರ್ ಫಲಕವನ್ನೇ ಕಿತ್ತಿಟ್ಟವರಿದ್ದರು. ಕೀರ್ದಿ ಸರಿಯಾಗಿದ್ದವರಿಗೆ ಉತ್ತರ ಬರೆಯುವುದು ಸುಲಭವಾಯಿತು. ಸರಕನ್ನಷ್ಟೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಒಂದೂವರೆ ಕೋಟಿಯವರೆಗೆ ವಹಿವಾಟು ಇರುವವರು ಒಟ್ಟು ವಹಿವಾಟಿನ ಮೇಲೆ ಶೇಕಡಾ 1ರಷ್ಟು ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯನ್ನು ಆರಿಸಿಕೊಳ್ಳಬಹುದು, ಆದರೆ ಆಗ ಆ ತೆರಿಗೆಯನ್ನು ಗಿರಾಕಿಯ ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡುವಂತಿಲ್ಲ. ಇದನ್ನು ಲೆಕ್ಕಪರಿಶೋಧಕರಿಗೆ ವಹಿಸಿ ಕೈತೊಳೆದುಕೊಳ್ಳದೆ, ಮಾಲೀಕನು ತಾನೇ ತಿಳಿದಿರಬೇಕು.

ತೂಕ, ಬೆಲೆ ಮತ್ತು ವಾಪಸಾತಿ

ತೂಕದ ವಿಷಯದಲ್ಲಿ ಬಹಳ ಹೇಳಬೇಕಾಗಿಲ್ಲ. ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಚಾಲ್ತಿಯಲ್ಲಿರುವ ಮುದ್ರೆ ಇರಬೇಕು, ತಕ್ಕಡಿಯ ಅಂಕಿ ಗಿರಾಕಿಯ ಕಣ್ಣಿಗೆ ಕಾಣುವಂತಿರಬೇಕು, ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ಪಡೆಯಬಾರದು. ಬೇಸಿಗೆಯಲ್ಲಿ ತಂಪು ಪಾನೀಯಕ್ಕೆ ಫ್ರಿಜ್ಜಿನ ಖರ್ಚೆಂದು ಎರಡು ರೂಪಾಯಿ ಸೇರಿಸುವುದೂ ಇದೇ ತಪ್ಪಿನ ಸಾಲಿಗೆ ಬರುತ್ತದೆ. ಬಿಡಿಯಾಗಿ ಮಾರುವ ಬೇಳೆ, ಬೆಲ್ಲ, ಶೇಂಗಾಗಳ ದಿನದ ದರವನ್ನು ಹಲಗೆಯ ಮೇಲೆ ಬರೆದರೆ, ಬಂಗಾರ ಹಾಕಿಕೊಂಡು ಬಂದವರಿಗೆ ಒಂದು ದರ, ತಲೆಯ ಮೇಲೆ ಬುಟ್ಟಿ ಹೊತ್ತು ಬಂದವರಿಗೆ ಇನ್ನೊಂದು ದರ ಹೇಳುವ ಚಟಕ್ಕೆ ಅಂಗಡಿಯಲ್ಲಿ ಜಾಗವೇ ಇರುವುದಿಲ್ಲ.

ವಾಪಸಾತಿಯ ಮಾತು ಮಾತ್ರ ವಿವರವಾಗಿ ಆಗಬೇಕು, ಏಕೆಂದರೆ ಅಂಗಡಿಯ ನಿಜವಾದ ಮೌಲ್ಯ ಹೊರಬೀಳುವುದು ಮಾಲು ಮರಳಿ ಬಂದಾಗ. "ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ" ಎಂಬ ಫಲಕ ನಮ್ಮ ಪೇಟೆಗಳಲ್ಲಿ ಇನ್ನೂ ಎಷ್ಟೋ ಗೋಡೆಗಳ ಮೇಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಬಿಲ್ಲು ಕೊಡದಿರುವುದೂ ಅದೇ ಸಾಲಿನಲ್ಲಿದೆ. ಕಾನೂನನ್ನು ಒತ್ತಟ್ಟಿಗಿಟ್ಟರೂ, ಆ ಫಲಕವು ಗಿರಾಕಿಗೆ ಒಂದು ಮಾತನ್ನೂ ಕೆಲಸಗಾರನಿಗೆ ಇನ್ನೊಂದು ಮಾತನ್ನೂ ಹೇಳುತ್ತಿರುತ್ತದೆ. ಗಿರಾಕಿಗೆ ಅದು ನಿಮ್ಮ ಹಣ ನಮ್ಮ ಕೈ ಸೇರಿದ ಮೇಲೆ ನಮಗೂ ನಿಮಗೂ ಸಂಬಂಧವಿಲ್ಲವೆಂದು ಹೇಳುತ್ತದೆ, ಕೆಲಸಗಾರನಿಗೆ ಕೆಟ್ಟ ಮಾಲನ್ನು ಮೊದಲು ದಾಟಿಸಿಬಿಡು ಎಂದು ಕಲಿಸುತ್ತದೆ. ಅದನ್ನು ತೆಗೆದು, ಎಷ್ಟು ದಿನಗಳೊಳಗೆ, ಯಾವ ಸ್ಥಿತಿಯಲ್ಲಿ, ಯಾವ ಮಾಲನ್ನು ತೆಗೆದುಕೊಳ್ಳುತ್ತೀರಿ ಎಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಹಾಕಿರಿ. ನಮ್ಮಲ್ಲಿ ಹುಳು ಬಿದ್ದ ರವೆ, ಮುಗ್ಗಲು ಹಿಡಿದ ಶೇಂಗಾ ಬಂದರೆ ಪ್ರಶ್ನೆಯಿಲ್ಲದೆ ಬದಲಿಸುತ್ತೇವೆ. ಬಂದ ಮಾಲನ್ನು ಒಂದು ಬುಟ್ಟಿಯಲ್ಲಿಟ್ಟು ವಾರಕ್ಕೊಮ್ಮೆ ನೋಡುತ್ತೇವೆ. ಯಾವ ಸಗಟು ವ್ಯಾಪಾರಿಯಿಂದ ಬಂದ ಮಾಲು ಪದೇ ಪದೇ ಆ ಬುಟ್ಟಿಯನ್ನು ಸೇರುತ್ತಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಕೆಲಸಗಾರರು

ಜವಳಿ ಸಾಲಿನಲ್ಲಿ ಒಮ್ಮೆ ಕಂಡ ನೋಟವನ್ನು ನಾನು ಹೊಸದಾಗಿ ಅಂಗಡಿ ಇಡುವವರಿಗೆಲ್ಲ ಹೇಳುತ್ತೇನೆ. ಅಣ್ಣಿಗೇರಿಯ ಕಡೆಯಿಂದ ಮದುವೆಯ ಜವಳಿಗೆ ಬಂದಿದ್ದ ಒಂದು ಕುಟುಂಬ ಗಾದಿಯ ಮೇಲೆ ಕುಳಿತಿತ್ತು. ಹುಡುಗನು ಇಳಕಲ್ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ, ಸೆರಗನ್ನು ಮೊಣಕೈಯ ಮೇಲೆ ಇಳಿಬಿಟ್ಟು ತೋರಿಸುತ್ತಿದ್ದ. ಜೊತೆಗೆ ಗುಳೇದಗುಡ್ಡದ ಖಣಗಳ ರಾಶಿ. ನಲವತ್ತರಷ್ಟು ಸೀರೆ ನೋಡಿದ ಮೇಲೆ ಹಿರಿಯಳು "ಇನ್ನೊಂದ್ ಕಡೆ ನೋಡ್ಕೊಂಡ್ ಬರ್ತೀವ್ರಿ" ಎಂದು ಎದ್ದಳು. ಹುಡುಗನ ಮುಖ ಇಳಿಯಿತು, ಅವನು ಗಲ್ಲೆಯ ಕಡೆಗೆ ನೋಡಿದ. ಸಾವಕಾರರು ಎದ್ದು ಬಂದು, "ಬರ್ರಿ ಅಕ್ಕಾರ, ನೀರ್ ಕುಡದ್ ಹೋಗ್ರಿ" ಎಂದು ಅವರನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಮರಳಿ ಬಂದು ಗಾದಿಯ ಅಂಚಿಗೆ ಕುಳಿತು, ಏನೂ ಮಾತನಾಡದೆ ಹುಡುಗನ ಜೊತೆಗೆ ಸೀರೆಗಳನ್ನು ಮಡಚತೊಡಗಿದರು. ಆ ಕುಟುಂಬ ಮರಳಿ ಬಂದಿತೋ ಇಲ್ಲವೋ ನಾನು ಕಾಣೆ. ಆದರೆ ಹತ್ತು ನಿಮಿಷದ ಬಳಿಕ ಬಂದ ಮುಂದಿನ ಗಿರಾಕಿಗೆ ಆ ಹುಡುಗ ಹೇಳಿದ "ಬರ್ರಿ, ಕೂಡ್ರಿ" ಎಂಬ ಮಾತಿನಲ್ಲಿ ಬೇಸರದ ಎಳೆಯೂ ಇರಲಿಲ್ಲ.

ಅದೇ ಹೊತ್ತಿನಲ್ಲಿ ಸಾವಕಾರರು ಗಿರಾಕಿಯ ಎದುರಿಗೆ ಹುಡುಗನನ್ನು ಬೈದಿದ್ದರೆ, ಅವನು ಮುಂದೆ ಬರುವವರಿಗೆ ಐದು ಸೀರೆ ಬಿಚ್ಚುವಷ್ಟರಲ್ಲಿಯೇ "ತಗೊಳ್ಳೋರೇನ್ರಿ?" ಎಂದು ಕೇಳುತ್ತಿದ್ದ. ಗಿರಾಕಿಯ ಮುಂದೆ ಕೆಲಸಗಾರನನ್ನು ಬೈಯಬಾರದೆಂಬುದು ನನ್ನ ಅಂಗಡಿಯಲ್ಲಿ ಮೀರಬಾರದ ನಿಯಮ. ಹೇಳಬೇಕಾದದ್ದನ್ನು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಒಬ್ಬನನ್ನೇ ಕರೆದು, ನಡೆದ ಒಂದೇ ಸಂಗತಿಯ ಬಗ್ಗೆ ಹೇಳಬೇಕು. ಹಳೆಯ ತಪ್ಪುಗಳ ಗಂಟನ್ನು ಬಿಚ್ಚಬಾರದು.

ಇನ್ನು ಪಗಾರ ಮತ್ತು ದುಡಿಮೆಯ ಹೊತ್ತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕುತ್ತದೆ ಮತ್ತು ವಾರಕ್ಕೊಂದು ದಿನದ ಸೂಟಿಯನ್ನು ಕಡ್ಡಾಯ ಮಾಡುತ್ತದೆ. ನಮ್ಮ ಪೇಟೆಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತೂವರೆಯವರೆಗೆ ಒಬ್ಬನೇ ಹುಡುಗನನ್ನು ನಿಲ್ಲಿಸುವುದು ಸಾಮಾನ್ಯವೆನಿಸಿದೆ, ಆದರೆ ಸಾಮಾನ್ಯವಾದದ್ದೆಲ್ಲ ಸರಿಯಾದದ್ದಲ್ಲ. ಇಬ್ಬರನ್ನು ಸರದಿಯ ಮೇಲೆ ಇಟ್ಟುಕೊಂಡರೆ ಖರ್ಚು ಹೆಚ್ಚುತ್ತದೆ ಎಂಬುದು ನಿಜ. ಆದರೆ ಸಂಜೆ ಏಳರ ಗದ್ದಲದಲ್ಲಿ ಹತ್ತು ತಾಸು ನಿಂತು ದಣಿದವನು ಕೊಡುವ ತಪ್ಪು ಚಿಲ್ಲರೆ, ಒಡೆಯುವ ಬಾಟಲಿ, ಆಡುವ ಒರಟು ಮಾತು ಇವುಗಳ ಖರ್ಚನ್ನು ಯಾರೂ ಬರೆದಿಡುವುದಿಲ್ಲ. ಕೂಡಲಿಕ್ಕೆ ಒಂದು ಸ್ಟೂಲು ಇಡುವುದು ಎಲ್ಲಕ್ಕಿಂತ ಸುಲಭದ ಕೆಲಸ. ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳ ಹೋರಾಟದಿಂದಾಗಿ ಕೇರಳವು 2018ರಲ್ಲಿ ಕೆಲಸಗಾರರಿಗೆ ಕೂಡುವ ವ್ಯವಸ್ಥೆಯನ್ನು ಕಾನೂನಿಗೇ ಸೇರಿಸಿತು, ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ನಾವು ಕಾನೂನಿನ ದಾರಿ ಕಾಯಬೇಕಾಗಿಲ್ಲ. ಹೆಣ್ಣುಮಕ್ಕಳು ಕೆಲಸಕ್ಕಿದ್ದರೆ ಶೌಚಾಲಯದ ವ್ಯವಸ್ಥೆ ಅಂಗಡಿಯಲ್ಲಿಯೋ ತೀರ ಹತ್ತಿರದಲ್ಲಿಯೋ ಇದೆಯೇ ಎಂಬುದನ್ನು ಅವರು ಕೇಳುವ ಮೊದಲೇ ನೋಡಬೇಕು. ಏಕೆಂದರೆ ಅವರು ಕೇಳುವುದಿಲ್ಲ. ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಪಗಾರವನ್ನು ಹೇಳಿದ ತಾರೀಖಿಗೆ ಕೊಡಿರಿ. ವ್ಯಾಪಾರ ಇಳಿದ ತಿಂಗಳಲ್ಲಿ ಮೊದಲು ಕೆಲಸಗಾರರ ಪಗಾರ, ಆಮೇಲೆ ಮಾಲೀಕನ ಪಗಾರ. 2020ರ ಲಾಕ್‌ಡೌನಿನ ತಿಂಗಳುಗಳಲ್ಲಿ ಈ ಸರದಿಯನ್ನು ತಪ್ಪಿಸದವರ ಅಂಗಡಿಗಳಲ್ಲಿ ಹಳೆಯ ಕೆಲಸಗಾರರು ಇಂದಿಗೂ ಇದ್ದಾರೆಂಬುದನ್ನು ನಾನು ನನ್ನ ಓಣಿಯಲ್ಲಿಯೇ ಎಣಿಸಬಲ್ಲೆ.

ಅಧಿಕಾರವನ್ನು ಹಂಚುವ ಮಾತಿಗೆ ಬರೋಣ. ಮಾಲೀಕ ಇಲ್ಲದಾಗ ಅಂಗಡಿ ನಡೆಯಬೇಕಾದರೆ ಇದಿಲ್ಲದೆ ಆಗದು. "ಸಾವಕಾರ್ರು ಬರ್ಲಿ, ಕೇಳಿ ಹೇಳ್ತೀನಿ" ಎಂಬ ಉತ್ತರ ದಿನಕ್ಕೆ ಎಷ್ಟು ಸಲ ಗಿರಾಕಿಯ ಕಿವಿಗೆ ಬೀಳುತ್ತದೆ ಎಂಬುದನ್ನು ಒಂದು ವಾರ ಲೆಕ್ಕ ಇಡಿರಿ. ಅವುಗಳಲ್ಲಿ ಹೆಚ್ಚಿನವು ನೂರು, ಇನ್ನೂರು ರೂಪಾಯಿಯೊಳಗಿನ ಸಂಗತಿಗಳೇ ಆಗಿರುತ್ತವೆ: ಒಡೆದ ತೆಂಗಿನಕಾಯಿ ಕೊಳೆತಿತ್ತು, ಪಾಕೀಟು ತೂತಾಗಿತ್ತು, ಹತ್ತು ರೂಪಾಯಿ ಕಡಿಮೆ ಬಿದ್ದಿದೆ. ಹಳಬರಿಗೆ 200 ರೂಪಾಯಿಯವರೆಗೆ, ಹೊಸಬರಿಗೆ 50 ರೂಪಾಯಿಯವರೆಗೆ ತಮ್ಮ ಬುದ್ಧಿಯಿಂದಲೇ ತೀರ್ಮಾನಿಸುವ ಹಕ್ಕು ಕೊಟ್ಟು, ಮಾಡಿದ್ದನ್ನು ಚೀಟಿಯಲ್ಲಿ ಬರೆಯಲು ಹೇಳಿರಿ. ತಪ್ಪು ತೀರ್ಮಾನ ಮಾಡಿದರೂ ಆ ಹಣವನ್ನು ಅವರಿಂದ ಮುರಿದುಕೊಳ್ಳಬೇಡಿರಿ. ಒಮ್ಮೆ ಮುರಿದುಕೊಂಡರೆ ಅವರು ಮತ್ತೆ ಎಂದೂ ತೀರ್ಮಾನ ಮಾಡುವುದಿಲ್ಲ. ಹೀಗೆ ಆರು ತಿಂಗಳು ಚೀಟಿ ಬರೆದವರ ಕೈಗೆ ಬೀಗದ ಕೈಯನ್ನು ಕೊಡಬಹುದು.

ಉದ್ರಿ ಕೊಡುವ ಕೈ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಉದ್ರಿಯಿಲ್ಲದೆ ವ್ಯಾಪಾರ ಮಾಡುವೆನೆಂದರೆ ಒಕ್ಕಲುತನದ ಮನೆಗಳನ್ನು ಹೊರಗಿಟ್ಟು ವ್ಯಾಪಾರ ಮಾಡಿದಂತೆ. ನವಲಗುಂದ, ರೋಣದ ಕಡೆಯ ರೈತನ ಕೈಗೆ ಹೆಸರು ಬಂದಾಗ ಹಣ ಬರುತ್ತದೆ, ಗದಗಿನ ಕಡೆಯವನಿಗೆ ಉಳ್ಳಾಗಡ್ಡಿ ಬಂದಾಗ, ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಹಾಕುವವನಿಗೆ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ. ನಡುವಿನ ತಿಂಗಳುಗಳಲ್ಲಿಯೂ ಮನೆಯಲ್ಲಿ ಒಲೆ ಉರಿಯಬೇಕು. ಆದ್ದರಿಂದ ಉದ್ರಿಯ ವಿಷಯದಲ್ಲಿ ಮಾಲೀಕನಿಗೆ ಬೇಕಾದ ಗುಣವೆಂದರೆ ತಾಳ್ಮೆ ಮತ್ತು ಗಟ್ಟಿತನ ಎರಡರ ಹದವಾದ ಕೂಡುವಿಕೆ.

ಪ್ರತಿ ಮನೆಗೂ ಒಂದು ಮಿತಿ ಇರಲಿ, ಅದನ್ನು ಖಾತೆ ತೆರೆಯುವ ದಿನವೇ ಹೇಳಿರಿ. ಹಣ ಬಾಕಿ ಬಿದ್ದ ಮೇಲೆ ಹೇಳಿದರೆ ಅದು ಅವಮಾನವಾಗುತ್ತದೆ. ನಮ್ಮಲ್ಲಿ ಪಗಾರದವರಿಗೆ ಒಂದು ತಿಂಗಳ ಸಾಮಾನಿನಷ್ಟು, ಒಕ್ಕಲುತನದವರಿಗೆ ಒಂದು ಸುಗ್ಗಿಯವರೆಗೆ ಎಂಬ ವಾಡಿಕೆಯಿದೆ. ಗಿರಾಕಿಯ ಕೈಯಲ್ಲಿಯೂ ಒಂದು ಚಿಕ್ಕ ಪುಸ್ತಕವಿದ್ದು, ಅಂಗಡಿಯ ಖಾತೆಯಲ್ಲಿ ಬರೆದದ್ದನ್ನು ಅದರಲ್ಲಿಯೂ ಆಗಿಂದಾಗ್ಗೆ ಬರೆದರೆ ಜಗಳಕ್ಕೆ ಎಡೆಯಿರುವುದಿಲ್ಲ. ಬಾಕಿ ಕೇಳುವಾಗ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ನಾಲ್ಕು ಜನರ ಮುಂದೆ ಎಂದಿಗೂ ಕೇಳಬಾರದು, ಮನೆಯ ಹೆಣ್ಣುಮಕ್ಕಳ ಹತ್ತಿರ ಕೇಳಿ ಕಳಿಸಬಾರದು. ಮಳೆ ಕೈಕೊಟ್ಟ ವರ್ಷ ತಾನಾಗಿ ಬಂದು "ಈ ಸಲ ಅರ್ಧಾ ಅಷ್ಟ ಆಗತೈತ್ರಿ" ಎಂದವನಿಗೆ ಅವಧಿ ಕೊಡಬೇಕು; ಹಣವಿದ್ದೂ ಬೇರೆ ಅಂಗಡಿಯಲ್ಲಿ ರೋಖ ಕೊಟ್ಟು ಕೊಳ್ಳುತ್ತಿರುವವನಿಗೆ ಮುಂದಿನ ಉದ್ರಿಯನ್ನು ಮೆಲ್ಲಗೆ ನಿಲ್ಲಿಸಬೇಕು. ಈ ಇಬ್ಬರನ್ನು ಬೇರೆ ಬೇರೆಯಾಗಿ ಗುರುತಿಸಲು ಊರಿನ ಸುದ್ದಿಯನ್ನು ತಿಳಿದಿರಬೇಕು, ಮೊಬೈಲಿನ ಆ್ಯಪು ಅದನ್ನು ಹೇಳುವುದಿಲ್ಲ.

ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹಣ ಬಿಡುವ ಈ ನಂಬಿಕೆಗೆ ನಮ್ಮ ಸೀಮೆಯಲ್ಲಿ ಆಳವಾದ ಬೇರಿದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದು. ಅಲ್ಲಿಯೂ ಬಂಡವಾಳಕ್ಕಿಂತ ಮೊದಲು ಕೂಡಿದ್ದು ಒಬ್ಬರನ್ನೊಬ್ಬರು ಬಲ್ಲ ಜನ.

ಖರೀದಿ, ದಾಸ್ತಾನು, ಪಾವತಿ

ಲಾಭದ ಅಂಚು ಎಷ್ಟು ತೆಳುವಾಗಿದೆ ಎಂಬುದನ್ನು ಎಲ್ಲ ಕೆಲಸಗಾರರಿಗೂ ಬಿಡಿಸಿ ಹೇಳುವುದು ಮಾಲೀಕನ ಕರ್ತವ್ಯವೆಂದು ನಾನು ತಿಳಿದಿದ್ದೇನೆ. ಶೇಕಡಾ 5ರ ಲಾಭದ ಮಾಲಿನಲ್ಲಿ 500 ರೂಪಾಯಿಯ ಡಬ್ಬಿಯೊಂದು ಅವಧಿ ಮೀರಿ ಹಾಳಾದರೆ, ಆ ನಷ್ಟ ತುಂಬಲು 10,000 ರೂಪಾಯಿಯ ಮಾರಾಟವಾಗಬೇಕು. ಈ ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದ ದಿನದಿಂದ ನಮ್ಮ ಹುಡುಗರು ಹಳೆಯ ಪಾಕೀಟನ್ನು ಮುಂದೆ, ಹೊಸದನ್ನು ಹಿಂದೆ ಇಡುವುದನ್ನು ಯಾರೂ ಹೇಳದೆ ಮಾಡುತ್ತಾರೆ. ಲಾಭದ ಲೆಕ್ಕವನ್ನು ಮುಚ್ಚಿಟ್ಟ ಅಂಗಡಿಯಲ್ಲಿ ಹುಡುಗರು ಸಾವಕಾರರಿಗೆ ನೂರಕ್ಕೆ ಐವತ್ತು ಉಳಿಯುತ್ತದೆಂದು ತಿಳಿದಿರುತ್ತಾರೆ, ಹಾಗೆ ತಿಳಿದವರಿಗೆ ಒಂದು ಡಬ್ಬಿ ಹಾಳಾದರೆ ಏನೂ ಅನಿಸುವುದಿಲ್ಲ.

ಖರೀದಿಗೆ ಪಂಚಾಂಗ ಮತ್ತು ಮಳೆ ಎರಡನ್ನೂ ನೋಡಬೇಕು. ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಬೆಲ್ಲ, ಶೇಂಗಾ, ಎಳ್ಳು, ಪುಠಾಣಿ, ಒಣಕೊಬ್ಬರಿಗಳು ಉಂಡಿಗಾಗಿ ಎರಡು ವಾರ ಮೊದಲೇ ಅಂಗಡಿಯಲ್ಲಿರಬೇಕು ಮತ್ತು ಹಬ್ಬದ ಮರುದಿನ ಆ ಗೋಣಿಗಳು ಖಾಲಿಯಾಗಿರಬೇಕು. ಹಬ್ಬದ ಮುಂದೆ ದರ ಏರಿಸದ ಅಂಗಡಿಯನ್ನು ಹೆಣ್ಣುಮಕ್ಕಳು ಮುಂದಿನ ವರ್ಷದವರೆಗೆ ನೆನಪಿಟ್ಟಿರುತ್ತಾರೆ.

ಮಾಲು ಕೊಡುವವರಿಗೆ ಹಣ ಕೊಡುವ ರೀತಿಯೂ ಮುಂದಾಳಿನ ಗುಣವನ್ನು ತೋರಿಸುತ್ತದೆ. 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟಿನ ಬೆಳವಣಿಗೆಯನ್ನು ಬಲ್ಲವರು, ಪೂರೈಕೆದಾರರಿಗೆ ಬೇಗ ಹಣ ಕೊಟ್ಟು, ಅದರಿಂದ ದೊರೆತ ರಿಯಾಯಿತಿಯನ್ನು ಗಿರಾಕಿಗೆ ದಾಟಿಸಿದ್ದನ್ನು ಅದರ ಸ್ಥಾಪಕ ರಾಧಾಕಿಶನ್ ದಮಾನಿಯವರ ಮುಖ್ಯ ನಡೆಗಳಲ್ಲಿ ಒಂದೆಂದು ಹೇಳುತ್ತಾರೆ. ಇದೇ ನಡೆಯನ್ನು ಸಣ್ಣ ಅಂಗಡಿಯಲ್ಲಿಯೂ ನಡೆಯಬಹುದು. ನಮ್ಮಲ್ಲಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಸ್ವಸಹಾಯ ಸಂಘದ ತಾಯಂದಿರು ತಂದುಕೊಡುತ್ತಾರೆ. ದೊಡ್ಡ ಕಂಪನಿಯ ವಿತರಕನಿಗೆ ಮೂರು ವಾರ ಕಾಯುವ ಶಕ್ತಿಯಿದೆ, ಈ ತಾಯಂದಿರಿಗೆ ಇಲ್ಲ; ನಾಳೆಯ ಜೋಳವನ್ನು ಅವರು ಇಂದಿನ ಹಣದಿಂದಲೇ ಕೊಳ್ಳಬೇಕು. ಆದ್ದರಿಂದ ಸಣ್ಣವರ ಹಣವನ್ನು ಮಾಲು ಇಳಿಸಿದ ದಿನವೇ ಕೊಡಬೇಕೆಂಬುದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು.

ಎಷ್ಟು ಬೆಳೆಯಬೇಕು

ಅಂಗಡಿ ಚೆನ್ನಾಗಿ ನಡೆಯತೊಡಗಿದ ಮೂರನೆಯ ವರ್ಷಕ್ಕೆ ಎಲ್ಲರೂ ಎರಡನೆಯ ಅಂಗಡಿಯ ಮಾತೆತ್ತುತ್ತಾರೆ. ಇಲ್ಲಿ ಧಾರವಾಡ ಪೇಢೆಯ ಎರಡು ದಾರಿಗಳನ್ನು ನೋಡಬಹುದು. ಲೈನ್ ಬಜಾರಿನ ಠಾಕೂರ ಮನೆತನದವರು ತಲೆಮಾರುಗಳಿಂದ ಮಿತವಾಗಿ ಪೇಢೆ ಮಾಡಿ, ಮಾಡಿದಷ್ಟನ್ನೇ ಮಾರಿ, ಗಿರಾಕಿಗಳು ಸರದಿಯಲ್ಲಿ ನಿಲ್ಲುವಂತೆ ಹೆಸರು ಉಳಿಸಿಕೊಂಡರು. ಮಿಶ್ರಾ ಪೇಢೆಯವರು ಊರೂರಿಗೆ ಮಳಿಗೆಗಳನ್ನು ತೆರೆದು ಅದೇ ಸಿಹಿಯನ್ನು ಬಹಳ ಜನರ ಕೈಗೆ ಮುಟ್ಟಿಸಿದರು. ಎರಡೂ ಗೌರವದ ದಾರಿಗಳೇ. ತಪ್ಪಾಗುವುದು, ಒಂದು ದಾರಿಗೆ ಬೇಕಾದ ಸಿದ್ಧತೆಯಿಲ್ಲದೆ ಇನ್ನೊಬ್ಬರನ್ನು ನೋಡಿ ಹೆಜ್ಜೆಯಿಟ್ಟಾಗ. ಎರಡನೆಯ ಅಂಗಡಿಗೆ ಬೇಕಾದದ್ದು ಮೊದಲು ಮನುಷ್ಯ, ಆಮೇಲೆ ಜಾಗ. ಬೀಗದ ಕೈ ಕೊಟ್ಟು ಒಂದು ವರ್ಷ ನೋಡಿದ ಒಬ್ಬ ಮನುಷ್ಯ ನಿಮ್ಮಲ್ಲಿ ಇಲ್ಲದಿದ್ದರೆ, ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಎಂಥ ಮೂಲೆಯ ಜಾಗ ಸಿಕ್ಕರೂ ಮುಂಗಡ ಕೊಡಬೇಡಿರಿ.

ಇಲ್ಲದಿರುವ ದಿನ

ಇಷ್ಟನ್ನೆಲ್ಲ ಮಾಡಿದ ಮೇಲೆ ತಿಂಗಳಿಗೊಂದು ದಿನ ಅಂಗಡಿಗೆ ಹೋಗದೆ ಇರುವುದನ್ನು ರೂಢಿಸಿಕೊಳ್ಳಬೇಕು. ಹಬ್ಬದ ದಿನವೂ ಬೇಡ, ತೀರ ಸಪ್ಪೆ ದಿನವೂ ಬೇಡ. ನಡುವಿನದೊಂದು ದಿನ ಸಾಕು. ಹಿಂದಿನ ಸಂಜೆಯೇ ಗಲ್ಲೆಯನ್ನು ಯಾರು ನೋಡಬೇಕು, ಬರುವ ಮಾಲನ್ನು ಯಾರು ಎಣಿಸಿ ಇಳಿಸಿಕೊಳ್ಳಬೇಕು, ಯಾವ ಮಾತಿಗೆ ಮಾತ್ರ ಫೋನು ಮಾಡಬೇಕು ಎಂಬುದನ್ನು ಹೇಳಿಬಿಡಿರಿ. ಆ ದಿನ ನೀವಾಗಿ ಫೋನು ಮಾಡಬಾರದು, ಕ್ಯಾಮೆರಾದ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ನೋಡಬಾರದು, ಪರಿಚಯದವರನ್ನು ಗಿರಾಕಿಯ ವೇಷದಲ್ಲಿ ಕಳಿಸಿ ಪರೀಕ್ಷಿಸಬಾರದು. ಮರುದಿನ ಬೆಳಿಗ್ಗೆ ಮೊದಲು ಚೀಟಿಗಳನ್ನು, ಆಮೇಲೆ ವಾಪಸಾತಿಯ ಬುಟ್ಟಿಯನ್ನು, ಕೊನೆಗೆ ಮಾರಾಟದ ಮೊತ್ತವನ್ನು ನೋಡಿರಿ; ಈ ಸರದಿಯನ್ನು ಬದಲಿಸಿದರೆ, ನಿಮಗೆ ಮುಖ್ಯವಾದದ್ದು ಯಾವುದೆಂಬುದನ್ನು ನೋಡುತ್ತ ನಿಂತ ಹುಡುಗರು ಕೂಡಲೇ ತಿಳಿದುಕೊಳ್ಳುತ್ತಾರೆ.

ನಾನು ಮೊದಲ ಸಲ ಹೀಗೆ ಉಳಿದದ್ದು ಒಂದು ಬುಧವಾರ. ಬೆಳಿಗ್ಗೆ ಹತ್ತರಿಂದ ಮನೆಯ ಪಡಸಾಲೆಯಲ್ಲಿ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ; ಅದು ಒಮ್ಮೆಯೂ ಬಾರಿಸಲಿಲ್ಲ. ಮರುದಿನ ಗಲ್ಲೆಯಲ್ಲಿ ನಾಲ್ಕು ಚೀಟಿಗಳಿದ್ದವು. ಮೂರನೆಯದರಲ್ಲಿ, ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳಾಗಿದ್ದ ಹುಡುಗಿಯ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಬೆಲ್ಲ ಅರ್ಧ ಕಿಲೋ, ಒಳಗ ಇರಬಿ ಇದ್ದವು. ಅಜ್ಜಿಗೆ ಹೊಸಾದು ಕೊಟ್ಟೀನಿ. ಉಳದ ಪೆಂಟಿನೂ ಒಡದ ನೋಡೀನಿ, ಎರಡು ತಗದ ಇಟ್ಟೀನಿ."